ಇಪ್ಪತ್ತೊಂದು ದಿನದ ಮೋಲ್ಡು

ಟೇಪು ಹಿಡಿದು ಅಳೆಯುವ ಮಕ್ಕಳಾಟವೆಲ್ಲ ಮರಿಸ್ವಾಮಿ ಮೇಸ್ತ್ರಿಗೆ ಆಗಿಬರುತ್ತಿರಲಿಲ್ಲ. ಗೋಡೆ ಎದ್ದು ನಿಂತ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದ. ಈ ಗೋಡೆಯಿಂದ ಆ ಗೋಡೆಗೆ ಒಂದು ಸಲ, ಅಡ್ಡಕ್ಕೆ ಒಂದು ಸಲ ನಡೆಯುತ್ತಿದ್ದ. ಅವನ ಒಂದು ಹೆಜ್ಜೆ ಅಂದರೆ ಎರಡೂವರೆ ಅಡಿ, ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಇಲ್ಲ. ಆಮೇಲೆ ಕಿವಿಯ ಮೇಲಿನ ಪೆನ್ಸಿಲು ತೆಗೆದು, ಗಾರೆ ಕಾಣದ ಗೋಡೆಯ ಮೇಲೇ ಬರೆಯುತ್ತಿದ್ದ. ಸಿಮೆಂಟು ಇಷ್ಟು ಮೂಟೆ, ಕಬ್ಬಿಣ ಇಷ್ಟು ಕ್ವಿಂಟಾಲು, ಜಲ್ಲಿ ಇಷ್ಟು ಟ್ರಾಕ್ಟರು, ಎಂ-ಸ್ಯಾಂಡು ಇಷ್ಟು ಟ್ರಾಕ್ಟರು. ಇವೆಲ್ಲದರ ಕೆಳಗೆ ಒಂದು ಗೆರೆ ಎಳೆದು, ಕಡೆಯಲ್ಲಿ ‘ದಿನ’ ಅಂತ ಬರೆದು ಅದರ ಮುಂದೆ ಒಂದು ಅಂಕಿ.

“ದಿನ ಯಾಕಣ್ಣ ಬರೀತೀಯ ಸಾಮಾನ್ ಪಟ್ಟೀಲಿ?” ಅಂತ ಯಾರಾದರೂ ಹೊಸಬರು ಕೇಳಿದರೆ ಮೇಸ್ತ್ರಿ ರೇಗುತ್ತಿದ್ದ. “ದಿನಾನೂ ಸಾಮಾನೇ ಕಣಪ್ಪ. ಸಿಮೆಂಟು ಕಮ್ಮಿ ಬಿದ್ರೆ ಅಂಗಡೀಲಿ ಸಿಕ್ತದೆ. ಇದು ಸಿಕ್ತದಾ?”

ಊರು ಪಾಲಹಳ್ಳಿಯ ಆಚೆ, ಕಾಲುವೆ ಏರಿಯ ಪಕ್ಕದ್ದು. ಆದರೆ ಅವನನ್ನು ಹುಡುಕಿಕೊಂಡು ಪಾಂಡವಪುರದಿಂದ, ಕೆ.ಆರ್. ಪೇಟೆಯಿಂದ, ನಾಗಮಂಗಲದ ಒಳಗಿನ ಹಳ್ಳಿಗಳಿಂದ ಜನ ಬರುತ್ತಿದ್ದರು. ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ, ಲೆಕ್ಕ ಬರೆಸಿಕೊಂಡು, ಕಾಫಿ ಕುಡಿಸಿ ತಂದು ಬಿಡುತ್ತಿದ್ದರು. ಮೋಲ್ಡು ಅಂದರೆ ತಮಾಷೆಯೇ? ಗೋಡೆಯ ಮೇಲೆ ಕಾಂಕ್ರೀಟಿನ ಚಾವಣಿ ಸುರಿಯುವ ಕೆಲಸ ಬೆಳಿಗ್ಗೆ ಶುರುವಾದರೆ ಮುಗಿಯುವವರೆಗೆ ನಿಲ್ಲಬಾರದು. ಮಧ್ಯೆ ಸಾಮಾನು ಮುಗಿದು ನಿಂತಿತೋ, ಹಾಕಿದ್ದು ಗಟ್ಟಿಯಾಗಿ, ಹೊಸದು ಅದಕ್ಕೆ ಕಚ್ಚಿಕೊಳ್ಳದೆ, ಆ ಸಂದಿನಲ್ಲಿ ಜನ್ಮಪೂರ್ತಿ ಮಳೆ ನೀರು ಸೋರುತ್ತದೆ.

ಅದು ಅವನಿಗೆ ಗೊತ್ತಾಗಿದ್ದು ಹೊಸಹೊಳಲಿನಲ್ಲಿ, ಬೆಟ್ಟಮ್ಮ ಅನ್ನುವವರ ಮನೆಯಲ್ಲಿ. ಆಗ ಅವನಿಗೆ ಇಪ್ಪತ್ತಾರು ವರ್ಷ, ಸ್ವಂತ ಲೆಕ್ಕದ ಎರಡನೇ ಮೋಲ್ಡು. ಎರಡೇ ಎರಡು ಮೂಟೆ ಸಿಮೆಂಟು ಕಮ್ಮಿ ಬಿತ್ತು. ಸೈಕಲ್ಲಿನಲ್ಲಿ ಪೇಟೆಗೆ ಓಡಿ ತರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆ ಮುಂಗಾರಿನಿಂದ ಬೆಟ್ಟಮ್ಮ ಅಡುಗೆಮನೆಯ ನಡುವೆ ಪಾತ್ರೆ ಇಟ್ಟುಕೊಂಡೇ ಬದುಕಿದರು. ಒಂದು ದಿನವೂ ಒಂದು ಮಾತು ಅನ್ನಲಿಲ್ಲ ಪುಣ್ಯಾತ್ಗಿತ್ತಿ. ಬೈದಿದ್ದರಾದರೂ ಅವನು ಮರೆಯುತ್ತಿದ್ದನೇನೋ. ಅಲ್ಲಿಂದೀಚೆಗೆ ಲೆಕ್ಕ ಎಷ್ಟೇ ಬರಲಿ, ಅದರ ಮೇಲೆ ಒಂದು ಮೂಟೆ ಸೇರಿಸುವುದು ಅವನಿಗೆ ಅಭ್ಯಾಸವಾಯಿತು.

ದಿನದ ವಿಷಯಕ್ಕೂ ಅಂಥದ್ದೇ ಒಂದು ಕಥೆ ಇತ್ತು. ನಾಗಮಂಗಲದ ಕಡೆ ಒಬ್ಬ ಯಜಮಾನ, ಮಗಳ ಮದುವೆ ಹತ್ತಿರ ಬಂತೆಂದು ಮೇಸ್ತ್ರಿಗೆ ಹೇಳದೆ ಕೇಳದೆ ಮೋಲ್ಡು ಹಾಕಿದ ಎಂಟನೇ ದಿನಕ್ಕೇ, ಅದು ಗಟ್ಟಿಯಾಗುವ ಮುಂಚೆ, ಅಡಿಯ ಆಧಾರದ ಕಂಬಗಳನ್ನು ಕೀಳಿಸಿಬಿಟ್ಟ. ನಡುಮನೆಯ ಮಧ್ಯೆ ಮೋಲ್ಡು ಹೊಟ್ಟೆ ಬಿಟ್ಟು ಕೂತಿತು. ಬೀಳಲಿಲ್ಲ, ದೇವರು ದೊಡ್ಡವನು. ಮರಿಸ್ವಾಮಿ ಹೋಗಿ ಕತ್ತೆತ್ತಿ ನೋಡಿದವನು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಚಿಕ್ಕ ಮನೆಗಳಿಗೆ ಕಂಬ ಬಿಚ್ಚಲು ಹದಿನಾಲ್ಕು ದಿನ ಅಂತ ನಿಗದಿ ಮಾಡಿಕೊಂಡ. ಇಪ್ಪತ್ತೆಂಟು ವರ್ಷದಲ್ಲಿ ಆ ಹದಿನಾಲ್ಕು ಒಂದು ಸಲವೂ ಕೈಕೊಟ್ಟಿರಲಿಲ್ಲ. ಈ ಮಾತು ನೆನಪಿರಲಿ.

ಇಷ್ಟೆಲ್ಲ ಮಾಡಿದವನ ಮನೆ ಹೇಗಿತ್ತು? ಅದನ್ನು ಕೇಳಬೇಡಿ, ನನಗೇ ಸಿಟ್ಟು ಬರುತ್ತದೆ. ಸಿಮೆಂಟ್ ಶೀಟಿನ ಒಂದೇ ಕೋಣೆ. ಶೀಟಿನ ಕೆಳಗೆ ಹೆಂಡತಿ ಚಿಕ್ಕಬೋರಮ್ಮ ಇಪ್ಪತ್ತೇಳು ಬೇಸಿಗೆ ಬೆಂದಿದ್ದಳು. ಪಕ್ಕದಲ್ಲೇ ಸ್ವಂತ ಸೈಟು ಇತ್ತು, ಪಾಯವನ್ನೂ ಹಾಕಿಯಾಗಿತ್ತು. ಪಾಯ ಹಾಕಿ ಒಂಬತ್ತು ವರ್ಷ. ಅದರ ನಡುವೆ ಔಡಲ ಗಿಡ ಬೆಳೆದು, ಕಾಯಿ ಬಿಟ್ಟು, ಒಣಗಿ, ಮತ್ತೆ ಬೆಳೆದಿತ್ತು. ಕೈಯಲ್ಲಿ ಕಾಸು ಇರಲಿಲ್ಲ ಅಂತಲ್ಲ. ಮಗಳು ಪ್ರಮೀಳಾಳ ಮದುವೆ ಆಗಿ, ಅವಳು ಪಾಂಡವಪುರದ ಗಂಡನ ಮನೆ ಸೇರಿ ಆರು ವರ್ಷವಾಗಿತ್ತು. ಇವನಿಗೆ ಹೊತ್ತಿರಲಿಲ್ಲ, ಅಷ್ಟೇ. ಯಾರೋ ಬೈಕು ತಂದು ಬಾಗಿಲಲ್ಲಿ ನಿಲ್ಲಿಸುತ್ತಿದ್ದರು, ಇವನು ಹತ್ತಿ ಹೋಗಿಬಿಡುತ್ತಿದ್ದ.

“ಊರೋರ್ಗೆಲ್ಲ ನೆಳ್ಳು ಮಾಡ್ಕೊಟ್ಟು ಬತ್ತೀರಲ್ಲ, ನಾನೂ ಒಂದಿನ ತಣ್ಣಗ್ ಮಲಗ್ಬೇಕು ಕಣೇಳಿ,” ಅನ್ನುತ್ತಿದ್ದಳು ಚಿಕ್ಕಬೋರಮ್ಮ. ಮುನಿಸಿನಿಂದಲ್ಲ, ನಗುತ್ತಲೇ. “ಮುಂದಿನ್ ವರ್ಷ ಬುಡಮ್ಮಿ,” ಅನ್ನುತ್ತಿದ್ದ ಅವನು. ಆ ಮುಂದಿನ ವರ್ಷಗಳು ಒಂಬತ್ತಾದವು.

ಎರಡು ವರ್ಷದ ಕೆಳಗೆ, ಶಿವರಾತ್ರಿ ಕಳೆದ ವಾರ, ಅವಳ ಹೊಟ್ಟೆನೋವಿಗೆ ಮೈಸೂರಿನಲ್ಲಿ ಹೆಸರು ಸಿಕ್ಕಿತು. ಗೆಡ್ಡೆ. ಎಲ್ಲ ಕಡೆಗೂ ಹಬ್ಬಿದೆ, ಕೊಯ್ದು ಪ್ರಯೋಜನವಿಲ್ಲ ಅಂದರು ಡಾಕ್ಟರು. ಚಿಕ್ಕಬೋರಮ್ಮನನ್ನು ಪ್ರಮೀಳಾಳ ಜೊತೆ ಹೊರಗೆ ಬೆಂಚಿನ ಮೇಲೆ ಕೂರಿಸಿ, ಮರಿಸ್ವಾಮಿ ಒಬ್ಬನೇ ಮತ್ತೆ ಒಳಗೆ ಹೋದ.

“ಎಷ್ಟ್ ದಿನ ಸಾರ್?”

“ಅದನ್ನ ಹಾಗೆಲ್ಲ ಹೇಳಕ್ಕಾಗಲ್ಲಪ್ಪ.”

“ಒಂದ್ ಅಂದಾಜು ಏಳಿ ಸಾರ್. ನಾನೂ ಅಂದಾಜ್ ಏಳೋನೇ. ಯಾರಾರ ಕೇಳುದ್ರೆ ಗೊತ್ತಿಲ್ಲ ಅನ್ನಕಾಗಲ್ಲ ನಂಗೆ.”

ಡಾಕ್ಟರು ಕನ್ನಡಕ ತೆಗೆದು ಅವನ ಮುಖ ನೋಡಿದರು. “ಎರಡು ತಿಂಗಳು ಅಂದ್ಕೊಳ್ಳಿ,” ಅಂದರು.

ಆ ಮನುಷ್ಯ ಸಮಾಧಾನಕ್ಕೆಂದು ಆಡಿದ ಮಾತು ಅದು. ಮೇಸ್ತ್ರಿ ಅದನ್ನು ಅಂಕಿಯೆಂದು ತಿಳಿದ. ತಾನು ಮೂಟೆ ಅಂದರೆ ಮೂಟೆ ಇರುವಂತೆ, ಡಾಕ್ಟರು ಅರವತ್ತು ದಿನ ಅಂದರೆ ಅರವತ್ತು ದಿನ ಇರುತ್ತದೆ ಅಂತ. ಬಸ್ಸು ಶ್ರೀರಂಗಪಟ್ಟಣ ಮುಟ್ಟುವಷ್ಟರಲ್ಲಿ ಮನಸ್ಸಿನಲ್ಲೇ ಲೆಕ್ಕ ಮುಗಿಸಿದ್ದ. ಗೋಡೆಗೆ ಹದಿನೆಂಟು ದಿನ, ಅಡಿಯಲ್ಲಿ ಕಂಬ ತಗಡು ಕಟ್ಟಿ ಕಬ್ಬಿಣ ಹೆಣೆಯಲು ಐದು, ಮೋಲ್ಡಿಗೆ ಒಂದು. ಅಲ್ಲಿಗೆ ಇಪ್ಪತ್ನಾಲ್ಕು. ಕಿಟಕಿಯ ಪಕ್ಕ ಕೂತು ಬಾಳೆಹಣ್ಣು ಸುಲಿಯುತ್ತಿದ್ದ ಹೆಂಡತಿಗೆ, “ನಾಳಿಂದ ನಮ್ ಮನೆ ಕೆಲ್ಸ ಸುರು,” ಅಂದ.

ಅವಳು ಹಣ್ಣು ಹಿಡಿದುಕೊಂಡೇ ಅವನ ಕಡೆ ತಿರುಗಿದಳು. ಡಾಕ್ಟರು ಏನಂದರು ಅಂತ ಅವಳು ಆವರೆಗೆ ಕೇಳಿರಲಿಲ್ಲ. ಆಮೇಲೂ ಕೇಳಲಿಲ್ಲ. ಒಂಬತ್ತು ವರ್ಷ ಆಗದ್ದು ನಾಳೆಯೇ ಆಗುತ್ತದೆ ಅಂದ ಮೇಲೆ ಇನ್ನೇನು ಕೇಳುವುದಿತ್ತು ಪಾಪ?

ಗೋಡೆ ಎದ್ದಿತು. ಹದಿನೆಂಟೇ ದಿನಕ್ಕೆ. ಅವನ ಆಳುಗಳು ಹಬ್ಬ ಹುಣ್ಣಿಮೆ ನೋಡದೆ ದುಡಿದರು. ಪ್ರಮೀಳಾ ಗಂಡನಿಗೆ ಹೇಳಿ ತಾಯಿಯ ಆರೈಕೆಗೆ ಬಂದು ನಿಂತಳು. ಹದಿನೆಂಟನೇ ಸಂಜೆ ಮರಿಸ್ವಾಮಿ ಚಪ್ಪಲಿ ಬಿಟ್ಟು ತನ್ನ ಮನೆಯೊಳಗೆ ತಾನೇ ಹೆಜ್ಜೆ ಹಾಕಿದ. ಉದ್ದಕ್ಕೆ ಹತ್ತು, ಅಡ್ಡಕ್ಕೆ ಏಳು ಚಿಲ್ಲರೆ. ಇಪ್ಪತ್ತೈದು ಹದಿನೆಂಟು, ನಾಲ್ಕೂವರೆ ಚದರ. ಚದರಕ್ಕೆ ಎಂಟು ಮೂಟೆಯಂತೆ ಮೂವತ್ತಾರು, ಅಭ್ಯಾಸದ ಒಂದು ಸೇರಿ ಮೂವತ್ತೇಳು. ಇದು ಬೇರೆ ಯಾರದೇ ಮನೆಯಾಗಿದ್ದರೆ ಅವನು ಬರೆಯುತ್ತಿದ್ದ ಅಂಕಿ.

ಅವನು ಬರೆದಿದ್ದು ನಲವತ್ನಾಲ್ಕು. ಕಬ್ಬಿಣ ನಾಲ್ಕೂವರೆ ಕ್ವಿಂಟಾಲು ಸಾಕಿತ್ತು, ಆರು ಬರೆದ. ಕಬ್ಬಿಣ ಕಟ್ಟುವ ತಿಮ್ಮೇಶ, ಇಪ್ಪತ್ತು ವರ್ಷದಿಂದ ಅವನ ಜೊತೆಗಿದ್ದವನು, ಗೋಡೆ ನೋಡಿ ನಕ್ಕುಬಿಟ್ಟ.

“ಇದೇನಣ್ಣೋ, ತಾರಸಿ ಮ್ಯಾಲೆ ಆನೆ ಕಟ್ಟಾಕ್ತೀಯಾ?”

“ಮುಚ್ಕೊಂಡ್ ಕಟ್ಲಾ ಸಾಕು. ನಿನ್ನೇನ್ ಕೇಳ್ದೋರು?”

ಗೆರೆಯ ಕೆಳಗೆ ‘ದಿನ’ ಅಂತ ಬರೆದ. ಹದಿನಾಲ್ಕು ಅಂತ ಕೈ ತಾನಾಗಿ ಬರೆಯುತ್ತಿತ್ತು. ತಡೆದು ಇಪ್ಪತ್ತೊಂದು ಅಂತ ಬರೆದ. ಇಪ್ಪತ್ನಾಲ್ಕಕ್ಕೆ ಇಪ್ಪತ್ತೊಂದು ಸೇರಿದರೆ ನಲವತ್ತೈದು. ಅರವತ್ತರಲ್ಲಿ ಹದಿನೈದು ದಿನ ಮಿಗುತ್ತದೆ, ಹದಿನೈದು ದಿನ ಅವಳು ತಣ್ಣಗೆ ಮಲಗುತ್ತಾಳೆ. ಎಲ್ಲದಕ್ಕೂ ಹೆಚ್ಚು ಕೊಟ್ಟೆ, ದಿನಕ್ಕೂ ಹೆಚ್ಚು ಕೊಡೋಣ. ಒಂಬತ್ತು ವರ್ಷ ಕಾಯಿಸಿದ್ದಕ್ಕೆ ಅವನಿಗೆ ತಿಳಿದಿದ್ದ ಪ್ರಾಯಶ್ಚಿತ್ತ ಅದೊಂದೇ. ಮೋಸ ಹೋಗಿದ್ದು ಅಲ್ಲೇ ಕಣ್ರಿ.

ಮೋಲ್ಡಿನ ದಿನ ಚಿಕ್ಕಬೋರಮ್ಮ ಹಟ ಹಿಡಿದು ಅಂಗಳಕ್ಕೆ ಮಂಚ ಹಾಕಿಸಿಕೊಂಡಳು. ಮಿಕ್ಸರ್ ಯಂತ್ರದ ಗಡಗಡ, ಬಾಂಡ್ಲಿ ಕೈ ಬದಲಾಯಿಸುವ ಹೆಂಗಸರ ಕೂಗಾಟ, ಪ್ರಮೀಳಾ ಮಾಡಿದ ಕೋಳಿಸಾರು ಮುದ್ದೆ. ಅವಳಿಗೆ ಒಂದು ತುತ್ತೂ ಇಳಿಯಲಿಲ್ಲ. ಆದರೆ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆದು, “ಇನ್ನೊಂದ್ ಮುದ್ದೆ ಇಕ್ಕಿಸ್ಕೊ, ನಾಚ್ಕೋಬೇಡ,” ಅಂತ ಉಪಚಾರ ಮಾಡಿದಳು. ಮೂರು ಗಂಟೆಗೆ ಮೋಲ್ಡು ಮುಗಿಯಿತು. ಮೇಸ್ತ್ರಿ ಮೇಲೆ ನಿಂತು ಕೈ ಬೀಸಿದ. ಅವಳು ಮಂಚದಿಂದಲೇ ಸೆರಗು ಎತ್ತಿ ಬೀಸಿದಳು. ಮದುವೆಯಾದ ಹೊಸದರಲ್ಲಿ ಕೂಡ ಅವರಿಬ್ಬರು ಹಾಗೆ ನಾಲ್ಕು ಜನರ ಮುಂದೆ ಕೈ ಬೀಸಿದವರಲ್ಲ.

ಮಾರನೇ ದಿನ ತಾರಸಿಯ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದ. ದಿನಕ್ಕೆ ಮೂರು ಸಲ ಪೈಪು ಹಿಡಿದು ಹತ್ತುತ್ತಿದ್ದ. ಚೈತ್ರದ ಬಿಸಿಲು. ಪಕ್ಕದಲ್ಲಿ ಹೊಸ ಮನೆ ನೀರು ಕುಡಿದು ತಣ್ಣಗೆ ನಿಂತಿದ್ದರೆ, ಹತ್ತು ಅಡಿ ಈಚೆಗೆ ಶೀಟಿನ ಕೆಳಗೆ ಅವಳು ಬೆವರುತ್ತಿದ್ದಳು. ಫ್ಯಾನು ತಿರುಗಿದರೂ ಬಿಸಿಗಾಳಿಯೇ ಬರುತ್ತಿತ್ತು. ಪ್ರಮೀಳಾ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಗಳಿಗೆಗೆ ಒಣಗಿಹೋಗುತ್ತಿತ್ತು. ದಿನದಿಂದ ದಿನಕ್ಕೆ ಅವಳು ಹಾಸಿಗೆಗೆ ಅಂಟಿದಳು. ಗಂಜಿ ನಿಂತು ಎಳನೀರಾಯಿತು, ಎಳನೀರೂ ಚಮಚಕ್ಕೆ ಬಂತು.

ಹದಿನಾಲ್ಕನೇ ದಿನ ಬೆಳಿಗ್ಗೆ ಅವಳು ಕೇಳಿದಳು, “ಇವತ್ತಿಗ್ ಎಷ್ಟಾಯ್ತು?”

“ಹದ್ನಾಕು.”

“ನಮ್ಮಣ್ಣನ್ ಮನೆಗೆ ಹದ್ನಾಕಕ್ಕೇ ಬಿಚ್ಚುದ್ರಲ್ವ?”

ಅವಳ ಅಣ್ಣ ಅಂದಾನಯ್ಯನ ಮನೆಗೂ ಮೋಲ್ಡು ಹಾಕಿದ್ದು ಇವನೇ. “ಅದು ನಿಮ್ಮಣ್ಣಂದು. ಇದು ನಿಂದು. ಇನ್ನೇಳ್ ದಿನ ಸುಮ್ಕಿರು,” ಅಂದ.

ತಿಮ್ಮೇಶ ಅವನನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಹೇಳಿದ. “ಬಿಚ್ಬುಡಣ್ಣ. ನಾನೇ ನಿಂತ್ಕಂಡ್ ಬಿಚ್ತೀನಿ. ಅತ್ಗೆ ಮಖ ನೋಡಿದ್ಯಾ?”

“ನೋಡಿವ್ನಿ ಕಣ್ಲಾ. ನಾನ್ ನೋಡ್ದೆ ನೀನ್ ನೋಡಿದ್ಯೇನ್ಲಾ? ಅವಳ ತಲೆ ಮ್ಯಾಲೆ ಬರೋ ಮೋಲ್ಡು ಅದು. ಒಂದ್ ಕೂದ್ಲಷ್ಟ್ ಬಿರುಕು ಬಿಟ್ರೂ ನಾನ್ ಬದುಕಲ್ಲ. ಡಾಕ್ಟ್ರು ಎರಡ್ ತಿಂಗ್ಳು ಅಂದವ್ರೆ, ದಿನ ಅವೆ.” ಅವನ ದನಿ ಏರಿ, ಮಂಚದವರೆಗೂ ಹೋಯಿತು. ತಿಮ್ಮೇಶ ತಲೆ ತಗ್ಗಿಸಿಕೊಂಡು ಹೊರಟುಹೋದ.

ಮಾರನೇ ದಿನ ಹನ್ನೊಂದು ಗಂಟೆಗೆ ಮರಿಸ್ವಾಮಿ ನೀರು ಬಿಟ್ಟು ಏಣಿ ಇಳಿದಾಗ ಮಂಚ ಖಾಲಿ ಇತ್ತು. ಪ್ರಮೀಳಾ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವನು ಹೊಸ ಮನೆಯ ಬಾಗಿಲಿಗೆ ಓಡಿದ. ಒಳಗೆ ಒಂದೂವರೆ ಅಡಿಗೊಂದರಂತೆ ಸರ್ವೆ ಕಂಬಗಳು, ಅವುಗಳ ಬುಡಕ್ಕೆ ಬಿಗಿದ ಬೆಣೆ, ಮೇಲೆ ತಗಡು, ಅರೆಗತ್ತಲು, ನೆಲದ ತುಂಬ ಮೊಳೆ ಚೂರು. ನಾಲ್ಕನೇ ಕಂಬದ ಹತ್ತಿರ ಚಿಕ್ಕಬೋರಮ್ಮ ನಿಂತಿದ್ದಳು. ಎರಡೂ ಕೈಯಲ್ಲಿ ಕಂಬ ತಬ್ಬಿಕೊಂಡು, ಕಣ್ಣು ಮುಚ್ಚಿಕೊಂಡು. ಹತ್ತು ಅಡಿ ನಡೆಯಲು ಅವಳಿಗೆ ಎಷ್ಟು ಹೊತ್ತು ಹಿಡಿದಿತ್ತೋ!

“ತಣ್ಣಗದೆ ಕಣೇಳಿ ಇಲ್ಲಿ,” ಅಂದಳು. “ಒಂದ್ ಚಾಪೆ ಆಕ್ಕೊಡಿ, ಈ ಕಂಬದ್ ಸಂದೀಲೇ ಮಲಕ್ಕತೀನಿ.”

“ಬುದ್ಧಿ ಅದಾ ನಿಂಗೆ?” ಅಂತ ಅವನು ಕಿರುಚಿದ. “ಬೆಣೆ ಅಳ್ಳಾಡುದ್ರೆ ಏನ್ ಗತಿ? ಮೊಳೆ ಚುಚ್ಚುದ್ರೆ? ಏಳ್ ದಿನ ತಡೆಯಕಾಗಲ್ವಾ?” ರಟ್ಟೆ ಹಿಡಿದು ಎಳೆದೇಬಿಟ್ಟ. ಅವಳ ಬೆರಳು ಒಂದೊಂದಾಗಿ ಕಂಬದಿಂದ ಬಿಟ್ಟವು. ಎತ್ತಿಕೊಂಡು ಬಂದು ಮಂಚದ ಮೇಲೆ ಮಲಗಿಸಿದಾಗ ಮಗುವಿನಷ್ಟೂ ಭಾರ ಇರಲಿಲ್ಲ.

“ಆಯ್ತು ಬುಡಿ. ಆರ್ ದಿನ ತಾನೆ,” ಅಂದಳು. ಅವನು ಏಳು ಅಂದಿದ್ದ, ಅವಳು ಸರಿಯಾಗಿ ಲೆಕ್ಕ ಇಟ್ಟಿದ್ದಳು.

ಹದಿನೆಂಟನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಶೀಟಿನ ಕೆಳಗೇ ಹೋಗಿಬಿಟ್ಟಳು. ಮೈಸೂರಿನ ಬಸ್ಸು ಹತ್ತಿ ನಲವತ್ತೆರಡೇ ದಿನವಾಗಿತ್ತು. ಪ್ರಮೀಳಾ ಕೂಗಿಕೊಂಡಾಗ ಮರಿಸ್ವಾಮಿ ತಾರಸಿಯ ಮೇಲೆ ನೀರು ಬಿಡುತ್ತಿದ್ದ. ಇಳಿದು ಬಂದು ನೋಡಿದ. ಪೈಪು ಕೈಯಲ್ಲೇ ಇತ್ತು, ನೀರು ಅಂಗಳದ ತುಂಬ ಹರಿಯುತ್ತಿತ್ತು. ಕಡೆಗೆ ಅಕ್ಕಪಕ್ಕದ ಯಾರೋ ಹೋಗಿ ಮೋಟಾರು ನಿಲ್ಲಿಸಿದರು.

ಜನ ಸೇರಿದರು. ಅಂದಾನಯ್ಯ ತಂಗಿಯ ಮುಖ ನೋಡಿ ಅತ್ತು, ಆಮೇಲೆ ಹಿರಿಯನಾಗಿ ಆಗಬೇಕಾದ್ದಕ್ಕೆ ನಿಂತ. ಹೆಣ ಮಲಗಿಸಲು ಅಂಗಳದಲ್ಲಿ ಚಪ್ಪರ ಹಾಕಿ ಅಂದ. ಆಗ ಮರಿಸ್ವಾಮಿ ಮೊದಲ ಸಲ ಬಾಯಿ ಬಿಟ್ಟ. “ಚಪ್ಪರ ಬ್ಯಾಡ. ಒಳಿಕ್ ಮಲಗಿಸ್ತೀನಿ. ಅವಳ ಮನೇಲಿ.”

“ಒಕ್ಕಲಾಗದ ಮನೆಗೆ ಹೆಣ ತಕ್ಕೊಂಡೋಗ್ಬಾರ್ದು ಕಣ್ಲಾ ಭಾವ. ಹಾಲುಕ್ಸಿಲ್ಲ, ದೀಪ ಹಚ್ಚಿಲ್ಲ. ಹೆಂಗ್ಲಾ ಆಯ್ತದೆ?”

ಅವನು ಸುತ್ತಿಗೆ ತೆಗೆದುಕೊಂಡು ಹೊಸ ಮನೆಯೊಳಗೆ ಹೋದ. ತಿಮ್ಮೇಶ ಹಿಂದೆಯೇ ಹೋದ. ನಡುಮನೆಯ ನಟ್ಟನಡುವಿನ ಕಂಬದಿಂದ ಶುರುಮಾಡಿ, ಬೆಣೆ ಹೊಡೆದು ಸಡಿಲಿಸಿ, ಒಂದೊಂದೇ ಕಂಬ ಕಿತ್ತು ಗೋಡೆಯ ಕಡೆಗೆ ಸರಿಯುತ್ತ ಹೋದರು. ಅಷ್ಟು ದುಃಖದಲ್ಲೂ ಕ್ರಮ ತಪ್ಪಲಿಲ್ಲ. ತಗಡುಗಳು ದಡದಡ ಬಿದ್ದವು.

ಮೋಲ್ಡು ಮೇಲೆ ನಿಂತಿತ್ತು. ಒಂದು ಗೀರಿಲ್ಲ, ಒಂದು ಬಾಗು ಇಲ್ಲ. ಮರಿಸ್ವಾಮಿ ಅಟ್ಟಣಿಗೆ ಹತ್ತಿ ಸುತ್ತಿಗೆಯ ಹಿಂದಲೆಯಿಂದ ಅದನ್ನು ಮೆಲ್ಲಗೆ ಬಡಿದ. ಟಣ್ ಅಂದಿತು. ನಾಲ್ಕು ಹೆಜ್ಜೆ ಆಚೆ ಬಡಿದ, ಅಲ್ಲೂ ಟಣ್ ಅಂದಿತು. ಇಪ್ಪತ್ತೆಂಟು ವರ್ಷ ಆ ಸದ್ದು ಕೇಳಿದ ಕಿವಿ ಅವನದು. ಇವತ್ತು ಬೆಳಿಗ್ಗೆ ಗಟ್ಟಿಯಾದ ಮೋಲ್ಡು ಹಾಗೆ ನುಡಿಯುವುದಿಲ್ಲ. ಅದು ಹದಿನಾಲ್ಕಕ್ಕೇ ಆಗಿತ್ತು, ಆರು ಕ್ವಿಂಟಾಲು ಕಬ್ಬಿಣ ತಿಂದದ್ದು ಅದಕ್ಕೂ ಮುಂಚೆಯೇ ಆಗಿತ್ತೋ ಏನೋ. ನಾಲ್ಕು ದಿನ. ನಾಲ್ಕು ರಾತ್ರಿ, ನಾಲ್ಕು ಉರಿ ಮಧ್ಯಾಹ್ನ ಅವಳು ಇಲ್ಲಿ ಮಲಗಬಹುದಿತ್ತು.

ತಿಮ್ಮೇಶನಿಗೂ ಆ ಸದ್ದು ಗೊತ್ತು. ಅವನು ಒದ್ದೆ ಕಣ್ಣಿನಲ್ಲೇ ಹೇಳಿದ, “ಇವತ್ತಿಗೇ ಸರಿಯಾಗ್ ಬಂದದೆ ಕಣಣ್ಣ. ಮೊದ್ಲೇ ಬಿಚ್ಚಿದ್ರೆ ತೊಂದ್ರೆ ಆಗ್ತಿತ್ತು. ನೀ ಮಾಡಿದ್ದೇ ಸರಿ.”

“ಸುಳ್ಳು ಏಳ್ಬ್ಯಾಡ ಕಣ್ಲಾ, ತಿಮ್ಮೇಶ,” ಅಂದ ಮರಿಸ್ವಾಮಿ. ಅಟ್ಟಣಿಗೆಯ ಮೇಲೆಯೇ ಕುಕ್ಕರಿಸಿ, ಆ ದೊಡ್ಡ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತ.

ನೆಲ ಗುಡಿಸಿ ಚಾಪೆ ಹಾಸಿದರು. ಒಕ್ಕಲಾಗದ ಮನೆ ಅಂದಿದ್ದ ಅಂದಾನಯ್ಯನೇ ಹೆಗಲ ಟವೆಲ್ಲು ಸೊಂಟಕ್ಕೆ ಬಿಗಿದು ತಂಗಿಯ ತಲೆಯ ಕಡೆ ಹಿಡಿದ. ಹೊಸ್ತಿಲು ಇಲ್ಲದ ಬಾಗಿಲಿನಿಂದ ಅವಳನ್ನು ಒಳಗೆ ತಂದರು. ಬಂದ ಹೆಂಗಸರು ಒಳಗೆ ಕಾಲಿಟ್ಟೊಡನೆ ಸೆರಗಿನಿಂದ ಬೆವರು ಒರೆಸಿಕೊಂಡು, ಅಷ್ಟು ತಂಪಿಗೆ ಬೆರಗಾಗಿ, ಅದನ್ನು ಬಾಯಿಬಿಟ್ಟು ಹೇಳಲಾರದೆ ಕೂತರು.

ಬಾಗಿಲಲ್ಲಿ ಊರಿನವರೊಬ್ಬರು ಬಂದು ನಿಂತರು. ಚಿತೆಯ ಸೌದೆಗೆ ಟ್ರಾಕ್ಟರು ಹೊರಟಿತ್ತು. “ಮೇಸ್ತ್ರಿ, ಎಷ್ಟ್ ಬೇಕಾಯ್ತದೆ, ಒಂದ್ ಅಂದಾಜು ಏಳು,” ಅಂದರು. ಯಾವುದಕ್ಕೇ ಆಗಲಿ ಆ ಊರಿನಲ್ಲಿ ಅಂದಾಜು ಕೇಳುತ್ತಿದ್ದುದು ಅವನನ್ನೇ, ಪಾಪ ಅವರಿಗೂ ಬಾಯಿ ತಪ್ಪಿ ಬಂದುಬಿಟ್ಟಿತ್ತು.

ಮರಿಸ್ವಾಮಿ ಹೆಂಡತಿಯ ಮುಖದಿಂದ ಕಣ್ಣು ತೆಗೆಯಲಿಲ್ಲ.

“ನಂಗೆ ಗೊತ್ತಾಗಲ್ಲ ಕಣಪ್ಪ,” ಅಂದ. “ಬ್ಯಾರೆ ಯಾರ್ನಾರ ಕೇಳಿ.”